ಕಾಲಂ ಹನ್ನೊಂದು: ಸೋರಿಕೆ

ಬಾಳೆಲೆ ದಾಟಿ ಮೂರು ಮೈಲಿ, ಜೀಪು ನಿಂತಲ್ಲಿಂದ ನಡಿಗೆ.
ಕಟ್ಟೆಯ ಉದ್ದ ನೂರ ನಲವತ್ತು ಮೀಟರು, ಎತ್ತರ ಒಂಬತ್ತು,
ಕಟ್ಟಿದ ವರ್ಷ ಗೊತ್ತಿಲ್ಲ, ಕಡತ ಗೆದ್ದಲು ತಿಂದಿದೆ.
ಅದೇ ಗೆದ್ದಲು ಕಟ್ಟೆಯ ಬೆನ್ನ ಮೇಲೂ
ಸೊಂಟದೆತ್ತರ ಮನೆ ಕಟ್ಟಿಕೊಂಡಿದೆ.
ಯಾರೋ ಅರಿಶಿನ ಹಚ್ಚಿದ್ದಾರೆ, ಅಗೆಸುವಂತಿಲ್ಲ.
ಬರೆಯುತ್ತೇನೆ: ಹುತ್ತ, ಒಂದು.

ಚಾತ ಮುಂದೆ, ನಾನು ಹಿಂದೆ.
ಕತ್ತಿಯಲ್ಲಿ ಲಂಟಾನ ಸವರುತ್ತ ಹೋಗುತ್ತಾನೆ,
ಇಪ್ಪತ್ತಾರು ವರ್ಷದಿಂದ ಹಂಗಾಮಿ ನೌಕರ.
"ಇಲ್ಲಿ ಮುಳ್ಳಹಂದಿ, ಮೇಡಂ. ಹೋದ ವರ್ಷ ಒಂದು ಬಾಯಿ, ಈಗ ಮೂರು.
ಇಲ್ಲಿ ಏಡಿ.
ಇಲ್ಲೊಂದು ಹಲಸಿನ ಮರ ಇತ್ತು. ಕಡಿದರು, ಬೇರು ಒಳಗೇ ಉಳೀತು."
ಸತ್ತ ಬೇರು ಕೊಳೆತು ನೀರಿಗೆ ದಾರಿ ಬಿಡುತ್ತದೆಂದು
ನನಗೆ ಕಾಲೇಜಿನಲ್ಲಿ ಕಲಿಸಿದ್ದರು:
ಒಂದು ಪುಟ, ಐದು ಅಂಕ.
ಅವನು ಹಿಮ್ಮಡಿ ಊರಿ ತೋರಿಸುತ್ತಾನೆ,
ನೆಲ ಬೇಯದ ಕಡುಬಿನಂತೆ ಒಳಹೋಗುತ್ತದೆ.

ಕೋಡಿಗೆ ಹಲಗೆ ಹೊಡೆದಿದ್ದಾರೆ.
ಮೀನಿನ ಗುತ್ತಿಗೆಯ ಉತ್ತಯ್ಯ ಕೊಡೆ ಮಡಿಸಿ ನಿಂತಿದ್ದಾನೆ:
"ಕಾಟ್ಲ ಮರಿ ಬಿಟ್ಟಿದ್ದೀನಿ. ಕೋಡಿ ಬಿದ್ದರೆ
ಎಲ್ಲ ಲಕ್ಷ್ಮಣತೀರ್ಥದ ಪಾಲು.
ಎರಡು ಅಡಿ ತಾನೇ?"
ಎರಡು ಅಡಿ.
ಊರಿಗೆಲ್ಲ ಬಡಿಸಿದ ಮೇಲೂ
ಬರಬಹುದಾದ ನೆಂಟನಿಗೆಂದು
ಹಾಕಿಯೇ ಇಟ್ಟ ಎಲೆಯ ಹಾಗೆ
ಮಳೆಗೆಂದು ಖಾಲಿ ಬಿಟ್ಟ ಜಾಗ ಅದು.
ಇದನ್ನು ಅವನಿಗೆ ಹೇಳಲಿಲ್ಲ,
ನಿಯಮದ ಸಂಖ್ಯೆ ಹೇಳಿದೆ.

ಕಟ್ಟೆಯ ಬುಡದಲ್ಲಿ ಒಂದು ಚಾಪೆಯಗಲ ಕೆಸು,
ಬೇಸಿಗೆಯಲ್ಲೂ ಬಾಡಲಿಲ್ಲವಂತೆ.
ನಮ್ಮೂರಲ್ಲಾದರೆ ಕೊಯ್ದು ಪತ್ರೊಡೆ ಮಾಡುತ್ತಿದ್ದರು,
ಇಲ್ಲಿ ಅದರ ಸುತ್ತ ಸುಣ್ಣದ ಗೆರೆ ಎಳೆಸಿದೆ.
ನಡುವೆ ಬೆರಳುಗಾತ್ರದ ನೀರು.
ಚಾತ ಹಾರ್ಲಿಕ್ಸ್ ಸೀಸೆ ತೊಳೆದು ಒಡ್ಡಿದ.
ತುಂಬಲು ಹನ್ನೊಂದು ಸೆಕೆಂಡು.
ಹೋದ ಜೂನಿನಲ್ಲಿ ಹತ್ತೊಂಬತ್ತು.
"ಎಷ್ಟು ಬರ್ತದೆ ಅನ್ನೋದು ಇರಲಿ, ಮೇಡಂ,
ಏನು ಹೊತ್ಕೊಂಡು ಬರ್ತದೆ ನೋಡಿ."

ಕಲ್ಲಿನ ಮೇಲಿಟ್ಟು ಕಾದೆವು.
ಒಂದು ಬೀಡಿಯ ಹೊತ್ತು.
ತಳದಲ್ಲಿ ಹೊಲಿಗೆ ದಾರದಷ್ಟು ಗೆರೆ.
ಕೆಂಪಾಗಿದ್ದರೆ ಹೊರಮೈಯ ಮಣ್ಣೆಂದು ಸುಮ್ಮನಾಗಬಹುದಿತ್ತು.
ಬೂದಿ ಬಣ್ಣ.
ಕಟ್ಟಿದವರು ಎತ್ತು ತುಳಿಸಿ, ನಡುವೆ ಬಿಗಿದಿಟ್ಟ
ಒಡಲ ಜೇಡಿ.

ಕೆಳಗೆ, ಕಾಫಿ ತೋಟದ ಅಂಚಿಗೆ,
ಹನ್ನೆರಡು ಬಾಗಿಲಿನ ಲೈನ್ ಮನೆ.
ಏಳನೆಯ ಬಾಗಿಲು ಚಾತನದು.
ಅವನ ಮಗಳು ಪಾಲಿ ಶಾಲೆಯ ನೀಲಿ ಲಂಗವನ್ನು
ತಂತಿಗೆ ಹಾಕಿ, ಮೋಡ ನೋಡಿ, ಮತ್ತೆ ತೆಗೆಯುತ್ತಿದ್ದಾಳೆ.
ಹಳೆಯ ವರದಿ ತಿರುವಿದೆ.
ಕಾಲಂ ಹತ್ತೊಂಬತ್ತು, ಕಟ್ಟೆಯ ಕೆಳಗಿನ ಜನವಸತಿ:
ದುಂಡನೆಯ ಅಕ್ಷರದಲ್ಲಿ
'ಇಲ್ಲ'.

ಹಾರೆ ತರಿಸಿದೆ. ಮೊದಲ ಹಲಗೆ ಎದ್ದಿತು,
ಎರಡನೆಯದು ಊದಿಕೊಂಡು ಕೂತಿತ್ತು,
ಮೂರನೆಯದಕ್ಕೆ ಉತ್ತಯ್ಯನೇ ಕೈಹಾಕಿದ,
ಬೈಯುತ್ತಲೇ.
ನೀರು ಜಿಗಿದಾಗ ನಾಲ್ಕಾರು ಮರಿ ಮಿಂಚಿ ಹೋದವು.
ಅವನು ಅವನ್ನೇ ಎಣಿಸಿದ, ನಾನು ಗೇಜಿನ ಗೀಟುಗಳನ್ನು.

ಜೀಪಿನಲ್ಲಿ ಸೀಸೆ ನನ್ನ ಮೊಣಕಾಲುಗಳ ನಡುವೆ.
ಗೋಣಿಕೊಪ್ಪ, ವಿರಾಜಪೇಟೆ, ಆಮೇಲಿನ ತಿರುವುಗಳು.
ಮಡಿಕೇರಿ ಮುಟ್ಟುವಾಗ ಎಲ್ಲ ಕಲಕಿ ಒಂದೇ ಬಣ್ಣ.
ಸಾಹೇಬರು ನೋಡಿ ಅಂದರು:
"ಜೂನ್ ತಿಂಗಳು. ಯಾವ ನೀರು ಹೀಗಿರಲ್ಲ?"
'ಸ್ಥಿತಿ ತೃಪ್ತಿಕರ' ಮುದ್ರೆ ಅವರ ಕೈಗೆಟುಕುವಲ್ಲೇ ಇತ್ತು.
ಸೀಸೆಯನ್ನು ಅದರ ಪಕ್ಕ ಇಟ್ಟು
ಫ್ಯಾನು ಆರಿಸಿದೆ.
"ಹತ್ತು ನಿಮಿಷ, ಸರ್. ಮೇಜು ಅಲುಗಾಡಿಸಬೇಡಿ."

ಚಾತನಿಗೆ ಫೋನು ಮಾಡಿದೆ. ಅಲ್ಲಿ ನೆಟ್‌ವರ್ಕ್ ಇಲ್ಲ.
ಏಳನೆಯ ನಿಮಿಷಕ್ಕೆ ಸಾಹೇಬರು ಕನ್ನಡಕ ತೆಗೆದು, ಒರೆಸಿ,
ಮತ್ತೆ ಹಾಕಿಕೊಂಡು
ಸೀಸೆಯ ಮಟ್ಟಕ್ಕೆ ತಲೆ ಬಗ್ಗಿಸಿದರು.